ಕೀಬೋರ್ಡ್ ಬಂದರೆ ‘ಉಳಿಸು’ ಬಟನ್ ಮುಚ್ಚಿಹೋಗುತ್ತದೆ, ಭಟ್ಟರ ಹೆಸರು ಅರ್ಧಕ್ಕೇ ನಿಲ್ಲುತ್ತದೆ. ಏನು ಮಾಡಲಿ?

ಹೂವಿನಲೆಕ್ಕ:

ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಮ್ಮ ಕೆ.ಆರ್. ಮಾರ್ಕೆಟ್‌ನಲ್ಲಿ ಹೂವಿನ ವ್ಯಾಪಾರ ಮಾಡುತ್ತಾರೆ. ಯಾರಿಗೆ ಎಷ್ಟು ಮಾರು ಕೊಟ್ಟರು, ಯಾರ ಬಾಕಿ ಎಷ್ಟು, ಎಲ್ಲ ಒಂದು ನೋಟ್‌ಬುಕ್‌ನಲ್ಲಿ ಇರುತ್ತಿತ್ತು. ಹೋದ ಮಳೆಗಾಲದಲ್ಲಿ ಅದು ನೆನೆದು ಎರಡು ತಿಂಗಳ ಲೆಕ್ಕ ಅಳಿಸಿಹೋಯಿತು. ಅದಕ್ಕೇ ಅವರಿಗೋಸ್ಕರ ಒಂದು ಚಿಕ್ಕ ಆಂಡ್ರಾಯ್ಡ್ ಆ್ಯಪ್ ಮಾಡಿದ್ದೇನೆ. ಕಾಟ್ಲಿನ್ ಭಾಷೆ, ಸ್ಕ್ರೀನ್ ಜೋಡಣೆಗೆ ಹಳೆಯ ಎಕ್ಸ್‌ಎಂಎಲ್ ಲೇಔಟ್. ಇರುವುದು ಒಂದೇ ಸ್ಕ್ರೀನ್: ಹೆಸರು, ಯಾವ ಹೂವು, ಎಷ್ಟು ಮಾರು, ಎಷ್ಟು ದುಡ್ಡು, ಕೆಳಗೆ ‘ಉಳಿಸು’ ಬಟನ್.

ನನ್ನ ಫೋನಿನಲ್ಲಿ (ಆಂಡ್ರಾಯ್ಡ್ 13) ಎಲ್ಲ ಸರಿಯಾಗಿತ್ತು. ಮೊನ್ನೆ ಬೆಳಗಿನ ಜಾವ ನಾಲ್ಕೂವರೆಗೆ ಅವರ ಪಕ್ಕದಲ್ಲೇ ಕೂತು ನೋಡಿದೆ. ಅವರದು ಹೊಸ ಫೋನ್, ಆಂಡ್ರಾಯ್ಡ್ 15. ದುಡ್ಡಿನ ಜಾಗ ಮುಟ್ಟಿದ ಕೂಡಲೇ ಕೀಬೋರ್ಡ್ ಮೇಲೆ ಬಂದು ‘ಉಳಿಸು’ ಬಟನ್ನನ್ನು ಪೂರ್ತಿ ಮುಚ್ಚಿಬಿಟ್ಟಿತು. ಕೈಯೆಲ್ಲ ಒದ್ದೆ, ಎದುರಿಗೆ ಮೂರು ಜನ ಗಿರಾಕಿಗಳು. ಬಟನ್ ಎಲ್ಲಿ ಅಂತ ಹುಡುಕಿ, ಎರಡು ಸಲ ಬ್ಯಾಕ್ ಒತ್ತಿದರು. ಆ್ಯಪೇ ಮುಚ್ಚಿಹೋಯಿತು, ಬರೆದದ್ದೂ ಹೋಯಿತು. ಆ್ಯಪಿನ ಮ್ಯಾನಿಫೆಸ್ಟ್ ಫೈಲಿನಲ್ಲಿ ಅಡ್ಜಸ್ಟ್‌ರಿಸೈಜ್ (ಕೀಬೋರ್ಡ್ ಬಂದಾಗ ಸ್ಕ್ರೀನ್ ಕುಗ್ಗಲಿ ಅನ್ನುವ ಸೂಚನೆ) ಹಾಕಿದ್ದೇನೆ. ಆದರೂ ಯಾಕೆ ಹೀಗೆ?

ಎರಡನೆಯದು ನನಗೆ ಇನ್ನೂ ಜಾಸ್ತಿ ಬೇಜಾರು ಮಾಡಿತು. ‘ದೇವಸ್ಥಾನದ ಭಟ್ಟರು’ ಅಂತ ಬರೆದರೆ ‘ದೇವಸ್ಥಾನದ ಭಟ’ ಅಂತ ನಿಲ್ಲುತ್ತದೆ. ‘ಬಸವನಗುಡಿ ಅಕ್ಕ’ ಬರೆದರೆ ‘ಬಸವನಗುಡಿ ಅಕ್’. ಚಿಕ್ಕಮ್ಮ ಒತ್ತುತ್ತಲೇ ಇದ್ದರು, ಅಕ್ಷರ ಬೀಳಲೇ ಇಲ್ಲ. ‘ನಂಗೇ ಬರೆಯಕ್ಕೆ ಬರ್ತಿಲ್ವೇನೋ ಮಗಾ’ ಅಂದರು. ಅವರದೇನೂ ತಪ್ಪಿಲ್ಲ, ಅಲ್ವಾ? ನಾನು ಮನೆಯಲ್ಲಿ ನೋಡುವಾಗ ಇಂಗ್ಲಿಷಿನಲ್ಲಿ ‘ರವಿ’, ‘ಟೆಸ್ಟ್’ ಅಂತ ಹಾಕಿ ಬಿಟ್ಟಿದ್ದೆ.

ಇನ್ನೊಂದು: ಅವರ ಮಗಳು ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುತ್ತಾಳೆ. ಅವಳಿಗೆ ಹೆಸರಿನ ಜಾಗದಲ್ಲಿ ಮಾತ್ರ ಪದ ಮಧ್ಯಕ್ಕೇ ತುಂಡಾಗುತ್ತದೆ. ಕೆಲವು ಸಲ ಒಂದೇ ಅಕ್ಷರ ಎರಡೆರಡು ಸಲ ಬೀಳುತ್ತದೆ. ಬೇರೆ ಆ್ಯಪ್‌ಗಳಲ್ಲಿ ಅವಳಿಗೆ ಈ ತೊಂದರೆ ಇಲ್ಲ.

ವಿಜಯನಗರ_ಕೋಡರ್:

ಮೊದಲನೆಯದಕ್ಕೆ ಹೇಳುತ್ತೇನೆ. ಟಾರ್ಗೆಟ್ ಎಸ್‌ಡಿಕೆ 35 ಮಾಡಿದ್ದೀರಿ, ಅಂದರೆ ಆ್ಯಪನ್ನು ಆಂಡ್ರಾಯ್ಡ್ 15ರ ನಿಯಮಕ್ಕೆ ಹೊಂದಿಸಿದ್ದೀರಿ ಅನಿಸುತ್ತದೆ. 35 ಇಟ್ಟರೆ ಆಂಡ್ರಾಯ್ಡ್ 15 ಫೋನಿನಲ್ಲಿ ಎಡ್ಜ್-ಟು-ಎಡ್ಜ್ ಕಡ್ಡಾಯ. ಆ್ಯಪ್ ಪೂರ್ತಿ ಸ್ಕ್ರೀನ್ ಹಿಡಿದು ಕೂರುತ್ತದೆ. ಕೀಬೋರ್ಡ್ ಬಂದಾಗ ಸಿಸ್ಟಮ್ ತಾನಾಗಿ ಲೇಔಟನ್ನು ಕುಗ್ಗಿಸುವುದಿಲ್ಲ, ‘ಇಷ್ಟು ಎತ್ತರ ಕೀಬೋರ್ಡ್ ಇದೆ’ ಅಂತ ತಿಳಿಸಿ ಸುಮ್ಮನಾಗುತ್ತದೆ. ಜಾಗ ಬಿಡುವುದು ನಿಮ್ಮ ಕೆಲಸ. ನಿಮ್ಮ 13ರಲ್ಲಿ ಈ ಕಡ್ಡಾಯ ಇಲ್ಲ, ಅದಕ್ಕೇ ಅಲ್ಲಿ ಸರಿಯಾಗಿ ಕಂಡಿದ್ದು.

ರೂಟ್ ವ್ಯೂಗೆ (ಸ್ಕ್ರೀನಿನ ಎಲ್ಲವನ್ನೂ ಹಿಡಿದಿರುವ ಹೊರಪೆಟ್ಟಿಗೆ) ಒಂದು ವಿಂಡೋ ಇನ್‌ಸೆಟ್ಸ್ ಲಿಸನರ್ ಹಾಕಿ, ಅಂಚಿನಲ್ಲಿ ಎಷ್ಟು ಜಾಗ ಮುಚ್ಚಿದೆ ಅಂತ ಅದು ತಿಳಿಸುತ್ತದೆ. ಸಿಸ್ಟಮ್‌ಬಾರ್ಸ್ ಮತ್ತು ಐಎಂಇ (ಅಂದರೆ ಕೀಬೋರ್ಡ್) ಎರಡನ್ನೂ ಸೇರಿಸಿ ಇನ್‌ಸೆಟ್ ತಗೊಂಡು ಪ್ಯಾಡಿಂಗ್ ಕೊಡಿ. ಹೆಸರು, ಹೂವು, ಮಾರು, ದುಡ್ಡು ಈ ನಾಲ್ಕು ಜಾಗಗಳನ್ನು ಸ್ಕ್ರಾಲ್‌ವ್ಯೂ ಒಳಗಿಡಿ. ‘ಉಳಿಸು’ ಬಟನ್ ಮಾತ್ರ ಅದರ ಹೊರಗೆ, ಕೆಳಗೆ ಇರಲಿ. ಆಗ ಕೀಬೋರ್ಡಿನ ತಲೆಯ ಮೇಲೇ ಬಟನ್ ಕೂರುತ್ತದೆ. ಅಡ್ಜಸ್ಟ್‌ರಿಸೈಜ್ ತೆಗೆಯಬೇಡಿ, ಹಳೆಯ ಫೋನುಗಳಿಗೆ ಅದು ಬೇಕು. ಎಕ್ಸ್‌ಎಂಎಲ್ ಬದಲು ಹೊಸ ವಿಧಾನವಾದ ಕಂಪೋಸ್ ಆಗಿದ್ದರೆ ಐಎಂಇಪ್ಯಾಡಿಂಗ್ ಅನ್ನುವ ಒಂದು ಮಾಡಿಫೈಯರ್ ಸಾಕಾಗುತ್ತಿತ್ತು.

ಸುಮ್ನೆ_ಓದುವವ:

ಅಷ್ಟೆಲ್ಲ ಯಾಕೆ? ಥೀಮ್‌ನಲ್ಲಿ ಎಡ್ಜ್-ಟು-ಎಡ್ಜ್ ಬೇಡ ಅಂತ ಒಂದು ಸಾಲು ಹಾಕಿದರೆ ಮುಗೀತು. ಹೆಸರಿನ ಜಾಗಕ್ಕೆ ಇನ್‌ಪುಟ್‌ಟೈಪ್ (ಯಾವ ಬಗೆಯ ಬರಹ ಅನ್ನುವ ಸೂಚನೆ) ವಿಸಿಬಲ್‌ಪಾಸ್‌ವರ್ಡ್ ಅಂತ ಕೊಡಿ. ಸಲಹೆಪಟ್ಟಿ ಬರುವುದಿಲ್ಲ, ಪದ ತುಂಡಾಗುವುದೂ ನಿಲ್ಲುತ್ತದೆ.

ಒತ್ತಕ್ಷರ:

ದಯವಿಟ್ಟು ಎರಡೂ ಬೇಡ. ಥೀಮ್‌ನ ಆ ಸಾಲು ಟಾರ್ಗೆಟ್ 36 ಮಾಡಿದ ದಿನ ಆಂಡ್ರಾಯ್ಡ್ 16ರಲ್ಲಿ ಕೆಲಸ ಮಾಡುವುದಿಲ್ಲ. ಇನ್ನು ಪಾಸ್‌ವರ್ಡ್ ಅಂದರೆ ಎಷ್ಟೋ ಕೀಬೋರ್ಡ್‌ಗಳು ಇಂಗ್ಲಿಷಿಗೆ ಹೋಗಿ ನಿಲ್ಲುತ್ತವೆ. ಆ ಮಗಳು ಕನ್ನಡ ಬರೆಯುವ ದಾರಿಯನ್ನೇ ಮುಚ್ಚಿದಂತೆ.

ಹೂವಿನಲೆಕ್ಕ, ನಿಮ್ಮ ಹೆಸರಿನ ಜಾಗಕ್ಕೆ ಮ್ಯಾಕ್ಸ್‌ಲೆಂಗ್ತ್ (ಉದ್ದದ ಮಿತಿ) 12 ಇದೆ, ಸರೀನಾ? ನೀವು ಕೊಟ್ಟ ಎರಡು ಹೆಸರನ್ನೂ ಎಣಿಸಿ ನೋಡಿದೆ. ಆಂಡ್ರಾಯ್ಡ್ ಎಣಿಸುವುದು ನಮ್ಮ ಕಣ್ಣಿಗೆ ಕಾಣುವ ಅಕ್ಷರವನ್ನಲ್ಲ, ಒಳಗಿನ ಯೂನಿಕೋಡ್ ತುಂಡುಗಳನ್ನು. ‘ದೇ’ ಅಂದರೆ ದ ಒಂದು, ಏತ್ವ ಒಂದು. ‘ಸ್ಥಾ’ ಅಂದರೆ ಸ, ವಿರಾಮ (ಒತ್ತು ಕೂಡಿಸುವ ‘್’ ಗುರುತು), ಥ, ದೀರ್ಘ, ಒಟ್ಟು ನಾಲ್ಕು. ಹೀಗೆ ‘ದೇವಸ್ಥಾನದ’ ಒಂದಕ್ಕೇ 9, ಸ್ಪೇಸ್ ಸೇರಿ 10. ಆಮೇಲೆ ಭ, ಟ. ಅಲ್ಲಿಗೆ 12 ಮುಗಿಯಿತು. ‘ಅಕ್ಕ’ದಲ್ಲಿ 12ನೆಯದು ವಿರಾಮ, ಅದಕ್ಕೇ ‘ಅಕ್’ ಅಂತ ನಿಂತಿದೆ.

ಮಿತಿಯನ್ನು ತೆಗೆದುಬಿಡಿ, ಇಲ್ಲವೇ 100 ಇಡಿ. ಮುಂದೆ ಸರ್ವರಿಗೆ ಕಳಿಸುವುದಾದರೆ ಅಲ್ಲಿ ಬೈಟ್ ಲೆಕ್ಕದ ಮಿತಿ ಇದೆಯಾ ಅಂತಲೂ ನೋಡಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ತುಂಡಿಗೂ 3 ಬೈಟ್. ‘ದೇವಸ್ಥಾನದ ಭಟ್ಟರು’ ಅಂದರೆ 46 ಬೈಟ್.

ಪದ ತುಂಡಾಗುವುದಕ್ಕೆ ಒಂದು ಪ್ರಶ್ನೆ: ಟೆಕ್ಸ್ಟ್‌ವಾಚರ್ (ಬರೆದಂತೆಲ್ಲ ಓಡುವ ಕೋಡ್) ಒಳಗೆ ಸೆಟ್‌ಟೆಕ್ಸ್ಟ್ ಮಾಡಿ ಪಠ್ಯ ಬದಲಿಸುತ್ತಿದ್ದೀರಾ?

ಹೂವಿನಲೆಕ್ಕ:

ಹೌದು, ಮ್ಯಾಕ್ಸ್‌ಲೆಂಗ್ತ್ 12 ಇದೆ! ಸೆಟ್‌ಟೆಕ್ಸ್ಟೂ ಇದೆ. ಇಂಗ್ಲಿಷ್ ಹೆಸರಿನ ಮೊದಲ ಅಕ್ಷರ ದೊಡ್ಡದು ಮಾಡಲು, ಎರಡು ಸ್ಪೇಸ್ ಬಂದರೆ ಒಂದು ಮಾಡಲು ಹಾಕಿದ್ದೆ. ಆಮೇಲೆ ಕರ್ಸರನ್ನು ಕೊನೆಗೆ ತರುತ್ತೇನೆ.

ಒತ್ತಕ್ಷರ:

ಅದೇ ಕಾರಣ. ಆ ಹುಡುಗಿ ಒತ್ತುತ್ತಿರುವಾಗ ಪದ ಇನ್ನೂ ಬೇಯುತ್ತಿರುತ್ತದೆ. ಕೆಳಗೆ ಗೆರೆ ಇರುತ್ತದಲ್ಲ, ಅದು ‘ಇದು ಇನ್ನೂ ನನ್ನ ಕೈಯಲ್ಲಿದೆ’ ಅಂತ ಕೀಬೋರ್ಡ್ ಇಟ್ಟ ಗುರುತು. ನೀವು ಮಧ್ಯೆ ಕೈಹಾಕಿ ಪಠ್ಯ ಬದಲಿಸಿದರೆ ಆ ಗುರುತು ಅಳಿಸಿಹೋಗುತ್ತದೆ. ಕೀಬೋರ್ಡ್ ಹಿಡಿದಿದ್ದ ಪದ ಒಂದು, ಪೆಟ್ಟಿಗೆಯಲ್ಲಿ ಇರುವುದು ಇನ್ನೊಂದು. ಅದಕ್ಕೇ ತುಂಡಾಗುವುದು, ಎರಡೆರಡು ಬೀಳುವುದು.

ಬರೆಯುವಾಗ ಏನನ್ನೂ ಮುಟ್ಟಬೇಡಿ. ಸ್ಪೇಸ್ ಸರಿಮಾಡುವುದನ್ನು ‘ಉಳಿಸು’ ಒತ್ತಿದಾಗ ಮಾಡಿ. ದೊಡ್ಡಕ್ಷರಕ್ಕೆ ಇನ್‌ಪುಟ್‌ಟೈಪ್‌ನಲ್ಲಿ ಕ್ಯಾಪ್‌ವರ್ಡ್ಸ್ ಕೊಟ್ಟರೆ ಕೀಬೋರ್ಡೇ ನೋಡಿಕೊಳ್ಳುತ್ತದೆ.

ಹಾಗೇ, ‘ಹೆಸರಲ್ಲಿ ಅಕ್ಷರ ಮಾತ್ರ ಇರಬೇಕು’ ಅಂತ ಎಲ್ಲಾದರೂ ಈಸ್‌ಲೆಟರ್ ಅನ್ನುವ ಪರೀಕ್ಷೆ ಹಾಕಿದ್ದರೆ ಅದನ್ನೂ ತೆಗೆಯಿರಿ. ಯೂನಿಕೋಡ್ ಪ್ರಕಾರ ಕಾಗುಣಿತದ ಗುರುತುಗಳು, ವಿರಾಮ ಇವೆಲ್ಲ ಬೇರೆ ಗುಂಪು, ‘ಅಕ್ಷರ’ ಅಲ್ಲ. ನಮ್ಮ ಅಪ್ಪನ ಹೆಸರಿನಲ್ಲಿ ಎರಡು ಒತ್ತಕ್ಷರ ಇವೆ. ಒಂದು ಫಾರಂ ಅದನ್ನು ‘ತಪ್ಪು ಹೆಸರು’ ಅಂತ ಕೆಂಪು ಮಾಡಿ ತೋರಿಸಿತ್ತು. ಎಪ್ಪತ್ತು ವರ್ಷ ಅದೇ ಹೆಸರಿನಲ್ಲಿ ಬದುಕಿದ ಮನುಷ್ಯ ಅವರು. ಅವತ್ತಿನಿಂದ ಇದನ್ನು ಯಾರು ಕೇಳಿದರೂ ಕೂತು ಹೇಳುತ್ತೇನೆ.

ಹೂವಿನಲೆಕ್ಕ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಇನ್‌ಸೆಟ್ಸ್ ಹಾಕಿದೆ, ಮಿತಿ ತೆಗೆದೆ, ಟೆಕ್ಸ್ಟ್‌ವಾಚರ್ ಪೂರ್ತಿ ಕಿತ್ತೆ. ಈಸ್‌ಲೆಟರೂ ಒಂದು ಕಡೆ ಸಿಕ್ಕಿತು.

ಇವತ್ತು ಬೆಳಿಗ್ಗೆ ಮತ್ತೆ ಮಾರ್ಕೆಟ್‌ಗೆ ಹೋಗಿದ್ದೆ. ಪೆಟ್ಟಿಗೆಯ ಎತ್ತರ 40 ಡಿಪಿ (ಆಂಡ್ರಾಯ್ಡಿನ ಅಳತೆ) ಅಂತ ಕಟ್ಟಿಹಾಕಿದ್ದೆ, ‘ಭಟ್ಟರು’ವಿನ ಒತ್ತು ಕೆಳಗೆ ಕತ್ತರಿಸಿದ ಹಾಗೆ ಕಾಣುತ್ತಿತ್ತು. ಅಲ್ಲೇ ಲ್ಯಾಪ್‌ಟಾಪ್ ತೆಗೆದು ಬರಹಕ್ಕೆ ತಕ್ಕಂತೆ ಎತ್ತರ ಬೆಳೆಯುವ ರ‍್ಯಾಪ್‌ಕಂಟೆಂಟ್ ಮಾಡಿ, ಕನಿಷ್ಠ ಎತ್ತರ 48 ಅಂತ ಕೊಟ್ಟೆ. ಕೀಬೋರ್ಡಿನ ಮೂಲೆಯ ಬಟನ್ ಒತ್ತಿದರೆ ಮುಂದಿನ ಜಾಗಕ್ಕೆ ಹೋಗುವಂತೆ ಆ್ಯಕ್ಷನ್‌ನೆಕ್ಸ್ಟ್ ಕೂಡ ಹಾಕಿದೆ. ಚಿಕ್ಕಮ್ಮ ಸೆರಗಿಗೆ ಬೆರಳು ಒರೆಸಿಕೊಂಡು ‘ದೇವಸ್ಥಾನದ ಭಟ್ಟರು, ಸೇವಂತಿಗೆ, 6 ಮಾರು’ ಅಂತ ನಿಧಾನಕ್ಕೆ ಬರೆದರು. ‘ಉಳಿಸು’ ಅವರ ಹೆಬ್ಬೆರಳಿನ ಪಕ್ಕದಲ್ಲೇ ಇತ್ತು.