ಕಾರಿನ ಆಕ್ಸಲ್ ಮನೆಯಲ್ಲೇ ಬದಲಾಯಿಸಬಹುದಾ? ಮಾಡಿದವರು ಹೇಳಿ

ಪ್ರಶ್ನೆ: ಪುಣೆಯ ವಾಕಡ್‌ನಲ್ಲಿದ್ದೇನೆ. ಫ್ರಂಟ್ ವೀಲ್ ಡ್ರೈವ್ ಹ್ಯಾಚ್‌ಬ್ಯಾಕ್, ಮ್ಯಾನ್ಯುಯಲ್ ಗೇರ್. ಸ್ಟೇರಿಂಗ್ ಪೂರ್ತಿ ತಿರುಗಿಸಿ ಪಾರ್ಕಿಂಗ್‌ನಿಂದ ತೆಗೆಯುವಾಗ ಮುಂದಿನ ಎಡಗಡೆ ಕಟಕಟ ಸದ್ದು. ಗ್ಯಾರೇಜಿನವರು ಆಕ್ಸಲ್ (ಗೇರ್ ಬಾಕ್ಸ್‌ನಿಂದ ಚಕ್ರಕ್ಕೆ ತಿರುಗುವ ಬಲ ಒಯ್ಯುವ ಶಾಫ್ಟ್) ಹೋಗಿದೆ ಅಂದರು. ದಸರಾಕ್ಕೆ ಧಾರವಾಡಕ್ಕೆ ಹೋಗಬೇಕು. ಸೊಸೈಟಿ ಪಾರ್ಕಿಂಗ್‌ನಲ್ಲೇ ನಾನೇ ಮಾಡೋಣ ಅಂತಿದ್ದೇನೆ.

ಕೋಥ್ರುಡ್‌ನಿಂದ: ಧಾರಾಳವಾಗಿ ಮಾಡಬಹುದು ಸರ್, ನಾನು ನಮ್ಮ ಪಾರ್ಕಿಂಗ್‌ನಲ್ಲೇ ಮಾಡಿದ್ದೇನೆ. ಮೊದಲು ಚಕ್ರದ ಹಿಂದೆ ಟಾರ್ಚ್ ಹಾಕಿ ನೋಡಿ. ಸಿವಿ ಜಾಯಿಂಟ್ ಅಂದರೆ ಆಕ್ಸಲ್‌ನ ಎರಡೂ ತುದಿಯಲ್ಲಿ ಬಾಗುತ್ತಲೇ ತಿರುಗುವ ಕೀಲು; ಅದರ ರಬ್ಬರ್ ಬೂಟ್ (ಮುಚ್ಚಳ) ಹರಿದು, ರಿಮ್‌ನ ಒಳಗೆಲ್ಲ ಕಪ್ಪು ಗ್ರೀಸ್ ಸಿಡಿದಿದ್ದರೆ ಅನುಮಾನವೇ ಬೇಡ. ತಿರುಗಿಸುವಾಗ ಕಟಕಟ ಅಂದರೆ ಹೊರಗಿನ, ಅಂದರೆ ಚಕ್ರದ ಕಡೆಯ ಜಾಯಿಂಟ್. ನೇರ ಹೋಗುವಾಗ ಆಕ್ಸಿಲರೇಟರ್ ಒತ್ತಿದರೆ ಗಾಡಿ ನಡುಗುತ್ತೆ ಅಂದರೆ ಸಾಮಾನ್ಯವಾಗಿ ಒಳಗಿನದು, ಗೇರ್ ಬಾಕ್ಸ್ ಕಡೆಯದು. ಸ್ಪೀಡ್ ಹೆಚ್ಚಾದ ಹಾಗೆ ಗುಂಯ್ ಅಂತ ಒಂದೇ ಸಮ ಸದ್ದು ಬಂದರೆ ವೀಲ್ ಬೇರಿಂಗ್ ಇರಬಹುದು, ಆಗ ಆಕ್ಸಲ್ ತಂದರೆ ದುಡ್ಡು ದಂಡ. ಬೂಟ್ ಹರಿದಿದೆ ಆದರೆ ಸದ್ದಿಲ್ಲ ಅನ್ನುವವರು ಹೊಸ ಬೂಟ್, ಗ್ರೀಸ್ ಹಾಕಿಸಿಕೊಂಡರೆ ಸಾಕು. ನಿಮ್ಮದು ಆ ಹಂತ ದಾಟಿದೆ.

ನಾನಾ ಪೇಟ್‌ನಲ್ಲಿ ಸ್ಪೇರ್ ಪಾರ್ಟ್ ಅಂಗಡಿಗಳು ಸಾಲಾಗಿವೆ. ಎಡ ಬಲದ ಆಕ್ಸಲ್ ಉದ್ದ ಬಹುತೇಕ ಬೇರೆ ಬೇರೆ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದರೆ ಕೆಲವದರಲ್ಲಿ ಒಂದು ರಿಂಗ್ ಕೂಡ ಇರುತ್ತೆ. ಅದಕ್ಕೇ ಹಳೆಯದನ್ನು ಬಿಚ್ಚಿದ ಮೇಲೆ ಹೊಸದರ ಪಕ್ಕ ಇಟ್ಟು ಉದ್ದ, ಹಲ್ಲು ಎರಡೂ ಹೋಲಿಸಿ.

ಚಕ್ರದ ನಡುವೆ ಶಾಫ್ಟ್‌ನ ತುದಿಗಿರುವ ದೊಡ್ಡ ನಟ್ ಗಾಡಿ ನೆಲದ ಮೇಲೆ ಇರುವಾಗಲೇ ಸಡಿಲ ಮಾಡಬೇಕು. ನಟ್‌ನ ಅಂಚನ್ನು ಶಾಫ್ಟ್‌ನ ಸೀಳಿನೊಳಗೆ ಬಡಿದು ಕೂರಿಸಿರುತ್ತಾರೆ, ಸಣ್ಣ ಉಳಿಯಿಂದ ಅದನ್ನು ಮೊದಲು ಎತ್ತಿ. ಎಷ್ಟೋ ಗಾಡಿಗಳಿಗೆ 30 ಅಥವಾ 32 ಎಂಎಂ ಸಾಕೆಟ್ ಬರುತ್ತೆ, ನಿಮ್ಮದಕ್ಕೆ ನೋಡಿ ತನ್ನಿ. ಹಿಡಿಕೆಗೆ ಉದ್ದ ಪೈಪ್ ಹಾಕದೆ ಅಲ್ಲಾಡೋದಿಲ್ಲ.

ಜಾಕ್ ವಿಷಯದಲ್ಲಿ ದಯವಿಟ್ಟು ರಾಜಿ ಬೇಡ. ಡಿಕ್ಕಿಯಲ್ಲಿರುವ ಜಾಕ್ ಪಂಕ್ಚರ್‌ಗೆ ಮಾತ್ರ. ಸಿಮೆಂಟ್ ಬ್ಲಾಕ್ ಇಟ್ಟು ಕೆಳಗೆ ನುಗ್ಗುವವರನ್ನು ನೋಡಿದ್ದೇನೆ, ಅದು ಹೇಳದೆ ಕೇಳದೆ ಒಡೆಯುತ್ತೆ. ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಗಾಡಿಯನ್ನು ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ.

ಚಕ್ರ ಬಿಚ್ಚಿ, ಲೋವರ್ ಆರ್ಮ್‌ನ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳಿನ) ಬಾಲ್ ಜಾಯಿಂಟ್ ಬಿಡಿಸಿ ಹಬ್ ಅನ್ನು (ಚಕ್ರ ಕೂರುವ ಭಾಗವನ್ನು) ಹೊರಗೆ ಎಳೆದರೆ ಶಾಫ್ಟ್‌ನ ತುದಿ ಹೊರಬರುತ್ತೆ. ಬ್ರೇಕ್ ಹೋಸ್, ಎಬಿಎಸ್ ವೈರ್ ಬಿಗಿಯಾಗದಂತೆ ನೋಡಿಕೊಳ್ಳಿ. ಮುಂದಿನದು ಸೂಕ್ಷ್ಮ. ಶಾಫ್ಟ್ ಹಿಡಿದು ಜಗ್ಗಲೇಬೇಡಿ, ಒಳಗಿನ ಜಾಯಿಂಟ್ ಬೂಟ್ ಒಳಗೇ ಕಳಚಿಕೊಂಡು ಅದರ ಬಟ್ಟಲು ಗೇರ್ ಬಾಕ್ಸ್‌ನಲ್ಲೇ ಉಳಿಯುತ್ತೆ. ಬಟ್ಟಲಿಗೂ ಗೇರ್ ಬಾಕ್ಸ್‌ಗೂ ನಡುವೆ ಸರಳು ಕೊಟ್ಟು ಒಂದೇ ಸಲ ಮೀಟಿದರೆ ಲಾಕ್ ಬಿಟ್ಟು ಬರುತ್ತೆ. ಕೆಳಗೆ ಟ್ರೇ ಇರಲಿ, ಗೇರ್ ಆಯಿಲ್ ಸುರಿಯುತ್ತೆ. ಸರಳಿನ ತುದಿ ಆಯಿಲ್ ಸೀಲ್‌ಗೆ ತಾಗಬಾರದು.

ಹೊಸದು ಕೂರಿಸುವಾಗ ಟಕ್ ಅನ್ನೋವರೆಗೆ ನೂಕಿ, ಆಮೇಲೆ ಬಟ್ಟಲನ್ನೇ ಹಿಡಿದು ಎಳೆದು ನೋಡಿ. ಬರಲಿಲ್ಲ ಅಂದರೆ ಲಾಕ್ ಆಗಿದೆ. ನಟ್ ಹೊಸದೇ ಹಾಕಿ. ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ಪುಸ್ತಕದಲ್ಲಿರುವ ಟಾರ್ಕ್‌ಗೆ (ಬಿಗಿಯ ಅಳತೆಗೆ) ಬಿಗಿ ಮಾಡಿ ಅಂಚು ಬಡಿಯಿರಿ. ಅದಕ್ಕೆ ಮೊದಲು ಗಾಡಿ ಒಂದಡಿ ಕೂಡ ಉರುಳಬಾರದು, ಬೇರಿಂಗ್ ಹಾಳಾಗುತ್ತೆ. ಸುರಿದಷ್ಟು ಹೊಸ ಗೇರ್ ಆಯಿಲ್ ತುಂಬಿಸಿ.

ಮಡಗಾಂವ್‌ನಿಂದ: ಗೋವಾದವರು ಇನ್ನೊಂದು ಗಮನಿಸಿ. ಸಮುದ್ರದ ಗಾಳಿಗೆ ಶಾಫ್ಟ್‌ನ ಹಲ್ಲು ಹಬ್ ಒಳಗೇ ತುಕ್ಕು ಹಿಡಿದು ಅಂಟಿಕೊಳ್ಳುತ್ತೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಹಳೇ ನಟ್ಟನ್ನು ಶಾಫ್ಟ್‌ನ ತುದಿಗೆ ಸಮವಾಗಿ ಸಿಕ್ಕಿಸಿ, ಮೇಲೆ ಮರದ ತುಂಡು ಇಟ್ಟು ಬಡಿಯಿರಿ. ಬರೀ ಸುತ್ತಿಗೆಯಿಂದ ಥ್ರೆಡ್ ಮೇಲೆ ಹೊಡೆದರೆ ತುದಿ ಅಗಲವಾಗಿ ಹಬ್‌ನಿಂದ ಹೊರಗೇ ಬರೋದಿಲ್ಲ. ಅದಕ್ಕೂ ಬಗ್ಗದಿದ್ದರೆ ಪುಲ್ಲರ್ (ಶಾಫ್ಟನ್ನು ಹಬ್‌ನಿಂದ ಒತ್ತಿ ಹೊರತೆಗೆಯುವ ಸಾಧನ) ಬೇಕೇ ಬೇಕು, ಹತ್ತಿರದ ಗ್ಯಾರೇಜಿನಲ್ಲಿ ಕೇಳಿ ನೋಡಿ.

ಕೋಥ್ರುಡ್‌ನಿಂದ ಮತ್ತೆ: ಹೌದು, ಒಳ್ಳೇದು ನೆನಪಿಸಿದಿರಿ. ವಾಕಡ್ ಸರ್, ಹಬ್ಬದ ಹಿಂದಿನ ದಿನ ಕೈ ಹಾಕಬೇಡಿ. ಕನಿಷ್ಠ ಒಂದು ವಾರ ಮೊದಲು ಮುಗಿಸಿ, ಖಾಲಿ ಜಾಗದಲ್ಲಿ ಎರಡೂ ಕಡೆ ಪೂರ್ತಿ ತಿರುಗಿಸಿ ಓಡಿಸಿ. ಆ ವಾರವೆಲ್ಲ ಬೆಳಿಗ್ಗೆ ಗಾಡಿ ಕೆಳಗೆ ಆಯಿಲ್ ಹನಿ ಬಿದ್ದಿದೆಯಾ ನೋಡಿ. ಸೀಲ್ ಸೋರುತ್ತಿದ್ದರೆ ಧಾರವಾಡದ ದಾರಿಯ ಖಂಬಾಟ್ಕಿ ಘಾಟ್ ಹತ್ತುವ ಮೊದಲೇ ಗೊತ್ತಾಗಲಿ.