ಸಹಾಯ ಬೇಕು: ಹಿನ್ನೆಲೆ ಸೇವೆಗೆ ಸಿಸ್ಟಮ್‌ಡಿಯಲ್ಲಿ (ಲಿನಕ್ಸ್‌ನಲ್ಲಿ ಸೇವೆಗಳನ್ನು ಆರಂಭಿಸಿ ನಡೆಸುವ ವ್ಯವಸ್ಥೆ) ಮಿತಿ ಹಾಕುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ಘಟಕದ ಲಿನಕ್ಸ್ ಸರ್ವರ್ ಅನ್ನು ನೋಡಿಕೊಳ್ಳುತ್ತಿದ್ದೇನೆ. ತೂಕದ ಲೆಕ್ಕ ದಾಖಲಿಸುವ ಸೇವೆಯು, ಕೊಯ್ಲಿನ ದಿನಗಳಲ್ಲಿ ಲಾರಿಗಳು ಸಾಲುಗಟ್ಟಿದ ಹೊತ್ತಿಗೇ ‘ಟೂ ಮೆನಿ ಓಪನ್ ಫೈಲ್ಸ್’ (ತೆರೆದ ಕಡತಗಳು ಮಿತಿಮೀರಿವೆ) ಎಂದು ಲಾಗ್‌ನಲ್ಲಿ ಬರೆದು ನಿಂತುಹೋಗುತ್ತಿದೆ. ಬೆಳೆಗಾರರು ತೂಕದ ಚೀಟಿಗಾಗಿ ಬಿಸಿಲಲ್ಲಿ ಕಾಯುವುದನ್ನು ನೋಡಲಾಗುತ್ತಿಲ್ಲ. ಬಳಕೆದಾರರ ಮಿತಿಗಳನ್ನು ಬರೆದಿಡುವ ಲಿಮಿಟ್ಸ್ ಕಡತದಲ್ಲಿ, ತೆರೆಯಬಹುದಾದ ಕಡತಗಳ ಮಿತಿಯನ್ನು 65536 ಎಂದು ಬರೆದೆನಾದರೂ, ಅದು ಲಾಗಿನ್ ಆಗುವ ಬಳಕೆದಾರರಿಗೆ ಅನ್ವಯಿಸುತ್ತದೆಯೇ ಹೊರತು ಸಿಸ್ಟಮ್‌ಡಿ ನಡೆಸುವ ಸೇವೆಗಲ್ಲವಾದ್ದರಿಂದ, ಸೇವೆಯ ಸಾಫ್ಟ್ ಮಿತಿ (ಸದ್ಯ ಜಾರಿಯಲ್ಲಿರುವ ಮಿತಿ) ಇನ್ನೂ 1024 ಎಂದೇ ಕಾಣುತ್ತಿದೆ. ಆದ್ದರಿಂದ ಸೇವೆಯ ಸೆಟ್ಟಿಂಗ್‌ಗಳಿರುವ ಯೂನಿಟ್ ಕಡತದಲ್ಲೇ ಲಿಮಿಟ್‌ನೋಫೈಲ್ (ತೆರೆದ ಕಡತಗಳ ಮಿತಿ) ಸೇರಿಸಿ, ಸಿಸ್ಟಮ್‌ಡಿ ಅದನ್ನು ಮತ್ತೆ ಓದುವಂತೆ ಡೀಮನ್ ರೀಲೋಡ್ ಮಾಡಿ, ಸೇವೆಯನ್ನು ಮತ್ತೆ ಆರಂಭಿಸಬೇಕೆಂದಿದ್ದೇನೆ.

ನನ್ನ ನಿಜವಾದ ಗೊಂದಲ ಮೆಮೊರಿಯದು. 4 ಜಿಬಿಯ ಅದೇ ಯಂತ್ರದಲ್ಲಿ ಡೇಟಾಬೇಸ್ ಕೂಡ ಇದೆ. ಯೂನಿಟ್ ಕಡತದಲ್ಲೇ ಹಾಕಬಹುದಾದ ಎರಡು ಮೆಮೊರಿ ಮಿತಿಗಳಲ್ಲಿ, ಮೆಮೊರಿಹೈ ದಾಟಿದರೆ ಸೇವೆ ನಿಧಾನವಾಗುತ್ತದೆ, ಮೆಮೊರಿಮ್ಯಾಕ್ಸ್ ದಾಟಿ ಜಾಗ ಸಿಗದಿದ್ದರೆ ಕರ್ನಲ್ (ಲಿನಕ್ಸ್‌ನ ತಿರುಳು) ಸೇವೆಯನ್ನು ಕೊಂದೇಬಿಡುತ್ತದೆ. ಎರಡನ್ನೂ ಎಷ್ಟೆಷ್ಟಕ್ಕೆ ಇಡುವುದು ಕ್ಷೇಮವೆಂದು ಅನುಭವವಿರುವವರು ದಯವಿಟ್ಟು ತಿಳಿಸಿ.