ಸೋರ್ಸ್ ಕೋಡ್ ಬಚ್ಚಿಟ್ಟವರಿಗೆ 95 ವರ್ಷದ ಹಕ್ಕು ಏಕೆ?

ಹಳೆಕಡತ: ತಂತ್ರಾಂಶಕ್ಕೆ ಹಕ್ಕುಸ್ವಾಮ್ಯವೇ ಬೇಡ ಎನ್ನುವವಳು ನಾನಲ್ಲ. ನನ್ನ ತಕರಾರು ಅವಧಿಯದು. ಬೌದ್ಧಿಕ ಆಸ್ತಿ ಕುರಿತ 1994ರ ಅಂತರರಾಷ್ಟ್ರೀಯ ಟ್ರಿಪ್ಸ್ ಒಪ್ಪಂದ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಗಳ ಸಾಲಿನಲ್ಲಿ ಕೂರಿಸಿತು. ಹಾಗಾಗಿ ಕಾದಂಬರಿಗೆ ಸಿಗುವ ಕಾಲವೇ ಇದಕ್ಕೂ. ಅಮೆರಿಕದಲ್ಲಿ ಕಂಪನಿ ಬರೆಸಿದ ಪ್ರೋಗ್ರಾಮಿಗೆ ಪ್ರಕಟವಾದಂದಿನಿಂದ 95 ವರ್ಷ! ಅದು ಓಡುವ ಯಂತ್ರ ಅದರ ಕಾಲು ಭಾಗದಷ್ಟಾದರೂ ಬಾಳುತ್ತದೆಯೇ? ಕಾದಂಬರಿಯ ಹಕ್ಕು ಮುಗಿದಾಗ ಪುಸ್ತಕ ಓದುಗರ ಕೈಯಲ್ಲಿರುತ್ತದೆ. ಇಲ್ಲಿ ಸೋರ್ಸ್ ಕೋಡನ್ನು, ಎಂದರೆ ಪ್ರೋಗ್ರಾಮರ್ ಬರೆದ ಮೂಲ ಸಾಲುಗಳನ್ನು, ಹೊರಗಿನವರು ಕಂಡೇ ಇರುವುದಿಲ್ಲ. ಪೇಟೆಂಟ್ ಪಡೆಯುವವನಾದರೂ ತನ್ನ ಉಪಾಯವನ್ನು ಬಿಚ್ಚಿಡಬೇಕು, 20 ವರ್ಷಕ್ಕೆ ಅದು ಎಲ್ಲರದಾಗುತ್ತದೆ. ತಂತ್ರಾಂಶಕ್ಕೆ ಹತ್ತು ವರ್ಷ ಧಾರಾಳವಾಯಿತು.

ಒಂಟಿಸಲಗ: ಪೇಟೆಂಟಿಗೆ ದುಡ್ಡು ಸುರಿಯಬೇಕು, ವಕೀಲರ ಹಿಂದೆ ಅಲೆಯಬೇಕು. ಹಕ್ಕುಸ್ವಾಮ್ಯ ಬರೆದ ಕ್ಷಣದಲ್ಲೇ ತಾನಾಗಿ ಸಿಗುತ್ತದೆ. ಲೆಕ್ಕಪತ್ರದ ತಂತ್ರಾಂಶವನ್ನು ಒಬ್ಬನೇ ಬರೆದು ಮಾರುವ ನನ್ನಂಥವನಿಗೆ ಇರುವ ಆಸರೆ ಅದೊಂದೇ. ಹತ್ತು ವರ್ಷ ತಿದ್ದಿ ತೀಡಿದ ಮೇಲೆಯೇ ಇಂಥ ತಂತ್ರಾಂಶ ನಾಲ್ಕು ಕಾಸು ತರುವುದು. ನೀವು ಗುರಿಯಿಡುವುದು ದೊಡ್ಡವರಿಗೆ, ಏಟು ಬೀಳುವುದು ನಮಗೆ.

ಅರ್ಧವಿರಾಮ: ಏಟು ಮುಕ್ತ ತಂತ್ರಾಂಶಕ್ಕೂ ಬೀಳುತ್ತದೆ. ಕೋಡನ್ನು ಬದಲಿಸಿ ಹಂಚುವವರೂ ಅದನ್ನು ತೆರೆದೇ ಇಡಬೇಕೆನ್ನುವ ಜಿಪಿಎಲ್ ಪರವಾನಗಿ ನಿಂತಿರುವುದೇ ಹಕ್ಕುಸ್ವಾಮ್ಯದ ನೆಲದ ಮೇಲೆ. ಸ್ವೀಡನ್ನಿನ ಪೈರೇಟ್ ಪಕ್ಷ ಹಕ್ಕುಸ್ವಾಮ್ಯಕ್ಕೆ ಐದೇ ವರ್ಷ ಸಾಕು ಎಂದಾಗ, 2009ರಲ್ಲಿ, ಆಕ್ಷೇಪವೆತ್ತಿದವರು ಬೇರಾರೂ ಅಲ್ಲ, ಜಿಪಿಎಲ್ ಬರೆದ ರಿಚರ್ಡ್ ಸ್ಟಾಲ್ಮನ್. ಅವಧಿ ಮುಗಿದ ಮುಕ್ತ ಕೋಡನ್ನು ಯಾವ ಕಂಪನಿಯಾದರೂ ತನ್ನ ಮುಚ್ಚಿದ ಉತ್ಪನ್ನದೊಳಗೆ ಸೇರಿಸಿಕೊಳ್ಳಬಹುದು. ಕಂಪನಿಯ ಕೋಡ್ ಮಾತ್ರ ಎಂದಿಗೂ ಹೊರಬರುವುದಿಲ್ಲ, ಏಕೆಂದರೆ ಅದನ್ನು ಕಾಯುತ್ತಿರುವುದು ಹಕ್ಕುಸ್ವಾಮ್ಯವಲ್ಲ, ಗುಟ್ಟು. ಬಿಡುಗಡೆಯ ಹೊತ್ತಿಗೇ ಸೋರ್ಸ್ ಕೋಡನ್ನು ಠೇವಣಿ ಇಡಿಸಿ, ಅವಧಿ ತೀರಿದಾಗ ಬಹಿರಂಗಪಡಿಸಬೇಕು ಎಂಬುದು ಸ್ಟಾಲ್ಮನ್ ಮುಂದಿಟ್ಟ ಪರಿಹಾರಗಳಲ್ಲೊಂದು.

ಹಳೆಕಡತ: ಸರಿ, ಠೇವಣಿಯೂ ಇರಲಿ. ಈಗಿನ ಅಣಕವನ್ನು ನೋಡಿ: ಅಮೆರಿಕದಲ್ಲಿ ಪ್ರೋಗ್ರಾಮ್ ನೋಂದಾಯಿಸುವಾಗ ಸಾಮಾನ್ಯವಾಗಿ ಕೋಡಿನ ಮೊದಲ 25 ಪುಟ, ಕೊನೆಯ 25 ಪುಟ ಕೊಟ್ಟರೆ ಸಾಕು. ವ್ಯಾಪಾರದ ಗುಟ್ಟಿದ್ದಲ್ಲಿ ಮಸಿ ಬಳಿದೂ ಕೊಡಬಹುದು.

ಒಂಟಿಸಲಗ: ಯಾವ ಆವೃತ್ತಿಯ ಠೇವಣಿ? ವಾರಕ್ಕೊಂದು ಹೊರಬರುತ್ತದೆ. ಅದನ್ನು ಕಾಯುವವರು ಯಾರು, ಸೋರಿದರೆ ಹೊಣೆ ಯಾರದು? ಹಳೆಯ ಕೋಡ್ ಬಯಲಾದರೆ ಇಂದಿಗೂ ಅದನ್ನೇ ಓಡಿಸುತ್ತಿರುವ ಯಂತ್ರಗಳ ಭದ್ರತಾ ಲೋಪವೂ ಬಯಲಾಗುತ್ತದೆ.

ವಾದಿಪ್ರತಿವಾದಿ: ಅವಧಿಯೊಂದನ್ನೇ ಹಿಡಿದು ಜಗ್ಗುತ್ತಿದ್ದೀರಿ. ನ್ಯಾಯಾಲಯಗಳು ಸಾರ್ವಜನಿಕ ಹಿತಕ್ಕೆ ಜಾಗ ಬಿಟ್ಟಿರುವುದು ವಿನಾಯಿತಿಗಳಲ್ಲಿ. ಸೆಗಾ ಕಂಪನಿಯ ವಿಡಿಯೋ ಗೇಮ್ ಯಂತ್ರಕ್ಕೆ ಹೊಂದುವ ಆಟ ತಯಾರಿಸಲು ಅಕೊಲೇಡ್ ಕಂಪನಿ ಕೋಡ್ ಬಿಚ್ಚಿ ನೋಡಿದ್ದು ನ್ಯಾಯೋಚಿತ ಬಳಕೆ, ಅನುಮತಿ ಬೇಕಿಲ್ಲ ಎಂದು 1992ರಲ್ಲೇ ತೀರ್ಪು ಬಂದಿದೆ. ಜಾವಾ ಎಂಬ ಪ್ರೋಗ್ರಾಮಿಂಗ್ ವೇದಿಕೆಯ ಸುಮಾರು 11,500 ಸಾಲುಗಳನ್ನು ಗೂಗಲ್ ಆಂಡ್ರಾಯ್ಡಿಗೆ ನಕಲಿಸಿದ ಪ್ರಕರಣದಲ್ಲಿ, 2021ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟ್ 6-2 ಬಹುಮತದಿಂದ ಅದೇ ಮಾತು ಹೇಳಿತು. ಆ ವಿನಾಯಿತಿಗಳನ್ನು ನುಂಗಿದ್ದು ಅಮೆರಿಕದ 1998ರ ಡಿಜಿಟಲ್ ಹಕ್ಕುಸ್ವಾಮ್ಯ ಕಾಯ್ದೆ, ಡಿಎಂಸಿಎ. ಡಿಜಿಟಲ್ ಬೀಗ ಮುರಿಯುವುದೇ ಅಪರಾಧವಾದರೆ ಬಿಚ್ಚಿ ನೋಡುವ ಹಕ್ಕಿದ್ದು ಏನು ಬಂತು? 2015ರಲ್ಲಿ ಕಾರಿನ ತಂತ್ರಾಂಶವನ್ನು ಪರೀಕ್ಷಿಸಲು, ದುರಸ್ತಿ ಮಾಡಲು ಆ ಕಾಯ್ದೆಯಿಂದ ವಿನಾಯಿತಿ ಕೇಳಿದಾಗ ತಯಾರಕರು ವಿರೋಧಿಸಿದರು. ಹೊಗೆಗೆ ಲಗಾಮು ಹಾಕಬೇಕಾದ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೂ ಬೇಡವೆಂದು ಪತ್ರ ಬರೆಯಿತು! ಕೆಲವೇ ವಾರಗಳಲ್ಲಿ ಫೋಕ್ಸ್‌ವ್ಯಾಗನ್ ಹೊಗೆ ಪರೀಕ್ಷೆಯನ್ನು ವಂಚಿಸುವ ತಂತ್ರಾಂಶ ಅಡಗಿಸಿಟ್ಟದ್ದು ಹೊರಬಿತ್ತು. ಅದೂ ಕೋಡ್ ಓದಿ ಅಲ್ಲ, ರಸ್ತೆಯಲ್ಲಿ ಹೊಗೆ ಅಳೆದು.

ಒಂಟಿಸಲಗ: ಬೀಗ ತೆಗೆದು ನೋಡುವುದಕ್ಕೆ ನನ್ನ ಅಡ್ಡಿಯಿಲ್ಲ. ನೋಡುವುದು ಬೇರೆ, ನಕಲು ಮಾಡಿ ಮಾರುವುದು ಬೇರೆ.

ಹಳೆಕಡತ: ನೋಡುವ ಹಕ್ಕಿನಿಂದ ಹಳೆಯ ತಂತ್ರಾಂಶ ಕೂಡಿಡುವ ನನ್ನ ಸಂಗ್ರಹಾಲಯದ ಪಾಡು ಬಗೆಹರಿಯುವುದಿಲ್ಲ. ಪರವಾನಗಿ ಪರಿಶೀಲಿಸುವ ಸರ್ವರ್ ನಿಂತುಹೋಗಿದೆ, ಕಂಪನಿ ಮುಚ್ಚಿದೆ, ಹಕ್ಕು ಯಾರಿಗೆ ಹೋಯಿತೆಂದು ಗೊತ್ತಿಲ್ಲ. ಅನುಮತಿ ಕೇಳಲು ಆಳಿಲ್ಲ, ನಕಲಿಸಿದರೆ ಮಾತ್ರ ತಪ್ಪು. ಮತಯಂತ್ರ, ವೈದ್ಯಕೀಯ ಉಪಕರಣ, ವಾಹನ, ಇವುಗಳ ತಂತ್ರಾಂಶಕ್ಕಾದರೂ ಠೇವಣಿ ಕಡ್ಡಾಯವಾಗಲಿ. ಮಾರಾಟ ನಿಂತಂದೇ ಅದು ತೆರೆದುಕೊಳ್ಳಲಿ.

ಒಂಟಿಸಲಗ: ಪ್ರಾಣ ಮತ್ತು ಮತ, ಅಷ್ಟಕ್ಕೆ ಒಪ್ಪಿದೆ. ಭದ್ರತಾ ಲೋಪಗಳನ್ನು ಮುಚ್ಚಿದ ಮೇಲೆ ತೆರೆಯಿರಿ. ಲೆಕ್ಕಪತ್ರವನ್ನು ಅದರೊಳಗೆ ಎಳೆಯಬೇಡಿ.

ಅರ್ಧವಿರಾಮ: ನಿಮ್ಮ ತಂತ್ರಾಂಶ ತೆರಿಗೆ ತಪ್ಪು ಲೆಕ್ಕ ಹಾಕಿ, ದಂಡ ಕಟ್ಟಿದವನು ಕೋಡ್ ತೋರಿಸಿ ಎಂದು ಕೇಳಿದರೆ?

ಒಂಟಿಸಲಗ: ನ್ಯಾಯಾಧೀಶರಿಗೆ ತೋರಿಸುತ್ತೇನೆ. ಪ್ರತಿಸ್ಪರ್ಧಿಗೆ ಅಲ್ಲ.